ದೊಡ್ಡ ಪಾದ, ಪುಟ್ಟ ಕಾರು: ಓಡಿಸುವಾಗ ಕಾಲಿಗೆ ಏನು ಹಾಕಬೇಕು?

ಶೂ ನಂಬರ್ 10 ದಾಟಿದವರಿಗೆ ಸಣ್ಣ ಕಾರಿನ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ. ಆಕ್ಸಿಲರೇಟರ್‌ನಿಂದ ಕಾಲು ತೆಗೆದು ಬ್ರೇಕ್ ಮೇಲಿಡಲು ಹೋದರೆ ಶೂ ತುದಿ ಬ್ರೇಕ್ ಪೆಡಲ್‌ನ ಅಂಚಿಗೆ ಸಿಕ್ಕಿಕೊಳ್ಳುತ್ತದೆ. ಬ್ರೇಕ್ ಒತ್ತುವಾಗ ಶೂವಿನ ಬಲ ಅಂಚು ಆಕ್ಸಿಲರೇಟರನ್ನೂ ಒಂಚೂರು ಒತ್ತಿ ಎಂಜಿನ್ ಗುಂಯ್ ಎನ್ನುತ್ತದೆ. ಕ್ಲಚ್ ಬಿಟ್ಟ ಮೇಲೆ ಎಡಗಾಲಿಗೆ ಜಾಗವೇ ಇರುವುದಿಲ್ಲ. ಇದನ್ನು ಯಾರ ಹತ್ತಿರ ಹೇಳಿಕೊಂಡರೂ ಬರುವ ಸಲಹೆ ಎರಡೇ: ದೊಡ್ಡ ಕಾರು ತಗೊಳ್ಳಿ, ಇಲ್ಲಾಂದ್ರೆ ಒಳ್ಳೆ ಸ್ಪೋರ್ಟ್ಸ್ ಶೂ ಹಾಕ್ಕೊಳ್ಳಿ. ಮೊದಲನೆಯದಕ್ಕೆ ದುಡ್ಡು ಬೇಕು. ಎರಡನೆಯದು ತೊಂದರೆಯನ್ನು ಇನ್ನೂ ಜಾಸ್ತಿ ಮಾಡುತ್ತದೆ.

ನನ್ನ ಪಾದ 29.5 ಸೆಂ.ಮೀ. ಉದ್ದ, ನಂಬರ್ 11, ಮುಂಗಾಲು ಅಗಲ. ಓಡಿಸುವುದು ಆಲ್ಟೊ. ಮನೆಯಲ್ಲಿರುವ ಎಲ್ಲ ಬಗೆಯ ಚಪ್ಪಲಿ, ಶೂ ಹಾಕಿಕೊಂಡು ಪೇಟೆಯ ಟ್ರಾಫಿಕ್‌ನಲ್ಲೂ ಘಾಟಿಯಲ್ಲೂ ಓಡಿಸಿದ ಮೇಲೆ ನನಗೆ ಖಾತ್ರಿಯಾದ ವಿಷಯ ಒಂದೇ. ಶೂ ಒಳಗಿನ ಅಳತೆಗಿಂತ ಹೊರಗಿನ ಅಳತೆ ಮುಖ್ಯ. ನಿಮ್ಮ ಪಾದಕ್ಕೆ ಅದು ಹೊರಗಡೆ ಎಷ್ಟು ಉದ್ದ, ಎಷ್ಟು ಅಗಲ, ಎಷ್ಟು ಎತ್ತರ ಸೇರಿಸುತ್ತದೆ ಅಂತ ನೋಡಿ, ಕಮ್ಮಿ ಸೇರಿಸುವುದನ್ನು ಆರಿಸಿ.

ಜಾಗ ಯಾಕೆ ಸಾಲುವುದಿಲ್ಲ

ಆಲ್ಟೊ ಕೆ10 ಅಗಲ 1490 ಮಿ.ಮೀ. ಟಾಟಾ ನ್ಯಾನೊ 1495. ಕ್ವಿಡ್ 1579, ವ್ಯಾಗನ್ ಆರ್ 1620, ಸ್ವಿಫ್ಟ್ 1735. ಆಲ್ಟೊಗೂ ಸ್ವಿಫ್ಟ್‌ಗೂ ಒಂದು ಗೇಣಿನಷ್ಟು ವ್ಯತ್ಯಾಸ. ಆ ಗೇಣು ಕಮ್ಮಿಯಾಗಿರುವುದು ಸೀಟಿನಲ್ಲಿ ಮಾತ್ರ ಅಲ್ಲ, ಪೆಡಲ್ ಇರುವ ಜಾಗದಲ್ಲೂ ಕಮ್ಮಿಯಾಗಿದೆ. ನಮ್ಮಲ್ಲಿ ಸ್ಟೀರಿಂಗ್ ಬಲಕ್ಕಿರುವುದರಿಂದ ಬಲ ಮುಂಚಕ್ರದ ಗೂಡು ಡ್ರೈವರ್ ಕಾಲಿನ ಜಾಗದೊಳಕ್ಕೆ ನುಗ್ಗಿರುತ್ತದೆ. ಅದಕ್ಕೇ ಮೂರೂ ಪೆಡಲ್‌ಗಳನ್ನು ಎಡಕ್ಕೆ ತಳ್ಳಿ, ಒಂದಕ್ಕೊಂದು ಹತ್ತಿರ ಹತ್ತಿರ ಕೂರಿಸಿರುತ್ತಾರೆ. ಕ್ಲಚ್‌ನ ಎಡಗಡೆಗೆ ಗೋಡೆ. ಎಡಗಾಲು ಇಡುವ ಡೆಡ್ ಪೆಡಲ್ ತುಂಬಾ ಸಣ್ಣ ಕಾರುಗಳಲ್ಲಿ ಇರುವುದೇ ಕಮ್ಮಿ.

ಇನ್ನು ಪಾದದ ಕಡೆ ಬನ್ನಿ. ಹಿಮ್ಮಡಿಯನ್ನು ನೆಲದ ಮೇಲೆ ಬ್ರೇಕ್‌ನ ನೇರಕ್ಕೆ ಊರಿ, ಅಲ್ಲಿಂದಲೇ ತುದಿಯನ್ನು ಬಲಕ್ಕೆ ತಿರುಗಿಸಿ ಆಕ್ಸಿಲರೇಟರ್ ಒತ್ತುವುದು ಸರಿಯಾದ ಕ್ರಮ. ಪಾದ ಉದ್ದ ಇದ್ದಷ್ಟೂ ತುದಿ ಜಾಸ್ತಿ ದೂರ ಸರಿಯುತ್ತದೆ. 30 ಸೆಂ.ಮೀ. ಪಾದ 20 ಡಿಗ್ರಿ ತಿರುಗಿದರೆ ತುದಿ ಸುಮಾರು 10 ಸೆಂ.ಮೀ. ಆಚೆ ಹೋಗುತ್ತದೆ. ಒಂದು ರೀತಿಯಲ್ಲಿ ಇದು ಅನುಕೂಲವೇ, ಸ್ವಲ್ಪ ತಿರುಗಿಸಿದರೂ ಸಾಕಾಗುತ್ತದೆ. ಆದರೆ ಬೆರಳುಗಳ ಜಾಗ ಪೆಡಲ್‌ಗಿಂತ ಮೇಲೆ ಹೋಗುತ್ತದೆ. ಬೆರಳು ಮೇಲೆ ಹೋದಾಗ ಬ್ರೇಕ್ ಪೆಡಲ್‌ನ ಕಡ್ಡಿಗೋ ಡ್ಯಾಶ್‌ಬೋರ್ಡ್ ಕೆಳಗಿನ ಪ್ಲಾಸ್ಟಿಕ್‌ಗೋ ತಾಗುತ್ತದೆ. ಅದಕ್ಕೆ ಹೆದರಿ ಹಿಮ್ಮಡಿ ಹಿಂದಕ್ಕೆ ಎಳೆದುಕೊಂಡರೆ ತುದಿ ಬ್ರೇಕ್ ಪೆಡಲ್‌ನ ಕೆಳಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಈ ಎರಡರ ಮಧ್ಯೆ ಇರುವ ಜಾಗ ಬಹಳ ಕಮ್ಮಿ, ಅಲ್ಲಿ ಶೂ ಒಂದು ಸೆಂಟಿಮೀಟರ್ ಕಬಳಿಸಿದರೂ ಲೆಕ್ಕಕ್ಕೆ ಬರುತ್ತದೆ.

ನಂಬರ್ ನಂಬಬೇಡಿ, ಟೇಪ್ ಹಿಡಿಯಿರಿ

ನಮ್ಮ ಅಂಗಡಿಗಳಲ್ಲಿ ಓಡುವುದು ಬ್ರಿಟಿಷ್ ನಂಬರ್. ಒಂದು ನಂಬರ್ ಹೆಚ್ಚಾದರೆ ಇಂಚಿನ ಮೂರನೇ ಒಂದು ಭಾಗ, ಅಂದರೆ ಸುಮಾರು 8.5 ಮಿ.ಮೀ. ಹೆಚ್ಚು. ನಂಬರ್ 11 ಎಂದರೆ ಶೂ ಹೊಲಿಯುವ ಅಚ್ಚು 12 ಇಂಚು, 30.5 ಸೆಂ.ಮೀ. ಆ ಅಚ್ಚಿನ ಸುತ್ತ ಎಷ್ಟು ರಬ್ಬರ್, ಎಷ್ಟು ಫೋಮ್, ಎಷ್ಟು ಹೊಲಿಗೆ ಅಂಚು ಬರುತ್ತದೆ ಅನ್ನುವುದನ್ನು ನಂಬರ್ ಹೇಳುವುದೇ ಇಲ್ಲ. ನನ್ನ ಹತ್ತಿರ ಇರುವ 11ನೇ ನಂಬರಿನ ಜೋಡಿಗಳನ್ನು ಸಾಲಾಗಿ ಇಟ್ಟು ಅಳೆದರೆ ಹೊರಗಿನ ಉದ್ದದಲ್ಲಿ ಎರಡು ಸೆಂಟಿಮೀಟರ್‌ಗೂ ಮೀರಿದ ವ್ಯತ್ಯಾಸ ಬರುತ್ತದೆ. ಎಲ್ಲದರ ಮೇಲೂ ಬರೆದಿರುವುದು 11 ಅಂತಲೇ.

ಹಾಗಾಗಿ ಟೇಪ್ ತಗೊಂಡು ಮೂರು ಅಳತೆ ನೋಡಿ. ಸೋಲ್‌ನ ಒಟ್ಟು ಉದ್ದ. ಮುಂಗಾಲಿನ ಹತ್ತಿರ, ಎಲ್ಲಕ್ಕಿಂತ ಅಗಲ ಇರುವ ಕಡೆ, ಸೋಲ್‌ನ ಅಗಲ. ಆಮೇಲೆ ನೆಲದಿಂದ ಹೆಬ್ಬೆರಳ ಮೇಲ್ಭಾಗದವರೆಗಿನ ಎತ್ತರ. ಈ ಮೂರನೆಯದನ್ನು ಯಾರೂ ನೋಡುವುದಿಲ್ಲ, ಆದರೆ ಬ್ರೇಕ್ ಕೆಳಗೆ ತುದಿ ಸಿಕ್ಕಿಕೊಳ್ಳುವುದು ಮುಖ್ಯವಾಗಿ ಈ ಎತ್ತರದಿಂದಲೇ.

ಸೋಲ್ ದಪ್ಪಕ್ಕೆ ಒಂದು ಅಂದಾಜು ಬೇಕಿದ್ದರೆ ಬ್ರಿಟನ್ನಿನ ವಾಹನ ಚಾಲಕರ ಸಂಸ್ಥೆ ಆರ್‌ಎಸಿ ಹೇಳುವುದು 10 ಮಿ.ಮೀ. ಮೀರಬಾರದು, ಹಾಗಂತ ತೀರಾ ತೆಳುವೂ ಮೆತ್ತಗೂ ಇರಬಾರದು ಅಂತ. ಅವರ ಸಲಹೆಗಳ ಪಟ್ಟಿಯಲ್ಲಿ ಇನ್ನೊಂದು ಮಾತಿದೆ: ಒಮ್ಮೆಗೇ ಎರಡು ಪೆಡಲ್ ಒತ್ತಿಬಿಡದಷ್ಟು ಶೂ ಕಿರಿದಾಗಿರಬೇಕು. ದೊಡ್ಡ ಪಾದದವರು ಮೊದಲು ಓದಬೇಕಾದ ಸಾಲು ಇದು.

ಅಗಲದ ಬಗ್ಗೆ ನಮಗೆ ಇನ್ನೊಂದು ತೊಡಕಿದೆ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ದೇಶಾದ್ಯಂತ ಪಾದಗಳ ಅಳತೆ ತೆಗೆದಾಗ ಭಾರತೀಯರ ಪಾದ ಯುರೋಪಿನವರದಕ್ಕಿಂತ ಅಗಲ ಅಂತ ಕಂಡುಬಂತು. ಅಗಲ ಸಾಲದೆ ನಾವೇನು ಮಾಡುತ್ತೇವೆ? ಒಂದು ನಂಬರ್ ದೊಡ್ಡದು ತಗೊಳ್ಳುತ್ತೇವೆ. ಅಗಲಕ್ಕೋಸ್ಕರ 8.5 ಮಿ.ಮೀ. ಉದ್ದವನ್ನು ಸುಮ್ನೆ ಸೇರಿಸಿಕೊಂಡ ಹಾಗಾಯಿತು. ನಡೆಯಲು ಪರವಾಗಿಲ್ಲ, ಆಲ್ಟೊ ಪೆಡಲ್‌ಗೆ ಆಗುವುದಿಲ್ಲ. ಅದೇ ನಂಬರಿನಲ್ಲಿ ವೈಡ್ ಫಿಟ್ ಸಿಗುತ್ತದಾ ಕೇಳಿ, ಇಲ್ಲವಾದರೆ ಮೇಲ್ಭಾಗ ಮೆತ್ತಗಿರುವ, ಹಿಗ್ಗುವ ಶೂ ನೋಡಿ.

ಈಗ ಒಂದೊಂದೇ ನೋಡೋಣ

ರನ್ನಿಂಗ್ ಶೂ. ಇದರಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಎಲ್ಲರೂ ಹಾಕಿಕೊಳ್ಳುವುದು ಇದನ್ನೇ. ಈಗಿನ ರನ್ನಿಂಗ್ ಶೂಗಳ ಸೋಲ್ ದಪ್ಪ ಎಷ್ಟಾಗಿದೆ ಎಂದರೆ ರಸ್ತೆ ಓಟಕ್ಕೆ 40 ಮಿ.ಮೀ. ಮೀರಬಾರದು ಅಂತ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ಮಿತಿ ಹಾಕಬೇಕಾಯಿತು. ಓಡುವಾಗ ಕಾಲು ಹೊರಳದಿರಲಿ ಅಂತ ಸೋಲ್ ಕೆಳಗೆ ಹೋಗುತ್ತಾ ಅಗಲವಾಗುತ್ತದೆ, ಹಿಮ್ಮಡಿಯಲ್ಲಿ ಹಿಂದಕ್ಕೂ ಚಾಚಿಕೊಂಡಿರುತ್ತದೆ. ನನ್ನ ಜೋಡಿಯ ಹೊರಗಿನ ಉದ್ದ 32.5 ಸೆಂ.ಮೀ., ಮುಂಗಾಲಿನಲ್ಲಿ ಅಗಲ 12 ಸೆಂ.ಮೀ. ಬ್ರೇಕ್ ಮಧ್ಯಕ್ಕೆ ಸರಿಯಾಗಿ ಕಾಲಿಟ್ಟರೂ ಅಂಚು ಆಕ್ಸಿಲರೇಟರ್ ಮುಟ್ಟುತ್ತದೆ. ಮೇಲಾಗಿ ದಪ್ಪ ಫೋಮ್ ಇರುವುದರಿಂದ ಕ್ಲಚ್ ಎಲ್ಲಿ ಕಚ್ಚುತ್ತದೆ ಅನ್ನುವುದು ಕಾಲಿಗೆ ತಿಳಿಯುವುದಿಲ್ಲ. ಏರಿನಲ್ಲಿ ಗಾಡಿ ನಿಲ್ಲಿಸಿ ಮತ್ತೆ ಎತ್ತುವಾಗ ಇದು ಚೆನ್ನಾಗಿ ಗೊತ್ತಾಗುತ್ತದೆ. ಸಣ್ಣ ಕಾರು, ದೊಡ್ಡ ಪಾದ ಎರಡೂ ಇದ್ದರೆ ರನ್ನಿಂಗ್ ಶೂ ಬೇಡ. ಕಾರಿಳಿದ ಮೇಲೆ ಹಾಕಿಕೊಳ್ಳಿ.

ಫಾರ್ಮಲ್ ಚರ್ಮದ ಶೂ. ಇದರ ಸೋಲ್ ತೆಳು, ಅದು ಒಳ್ಳೆಯದೇ. ಕೆಟ್ಟದ್ದು ಮೂತಿ. ಚೂಪು ಮೂತಿಯ ಶೂವಿನಲ್ಲಿ ಬೆರಳ ಮುಂದೆ ಖಾಲಿ ಜಾಗವೇ ಎರಡು ಮೂರು ಸೆಂಟಿಮೀಟರ್ ಇರುತ್ತದೆ, ಅದು ಎಲ್ಲಿಗೆ ತಾಗುತ್ತಿದೆ ಅಂತ ಕಾಲಿಗೆ ತಿಳಿಯುವುದೇ ಇಲ್ಲ. ಸುತ್ತಲೂ ಹೊಲಿಗೆಯ ಅಂಚು ಹೊರಕ್ಕೆ ಬಂದಿರುತ್ತದೆ, ಅದು ಪೆಡಲ್ ರಬ್ಬರ್‌ಗೆ ಕೊಕ್ಕೆ ಹಾಕಿದ ಹಾಗೆ ಸಿಕ್ಕಿಕೊಳ್ಳುತ್ತದೆ. ಸೋಲ್ ಕೂಡ ಚರ್ಮದ್ದೇ ಆದರೆ ಮಳೆಗಾಲದಲ್ಲಿ ಜಾರುತ್ತದೆ. ಆಫೀಸಿಗೆ ಬೇಕೇ ಬೇಕು ಅನ್ನುವವರು ದುಂಡು ಮೂತಿ, ರಬ್ಬರ್ ಸೋಲ್ ಇರುವ ಲೋಫರ್ ನೋಡಿ. ಲೋಫರ್‌ನಲ್ಲಿ ಮೂತಿ ಗಿಡ್ಡ, ತುದಿಯ ಎತ್ತರವೂ ಕಮ್ಮಿ. ಅದರ ಹಿಮ್ಮಡಿ ಸಡಿಲವಾಗಿದ್ದರೆ ಮಾತ್ರ ತಗೊಳ್ಳಬೇಡಿ, ಕ್ಲಚ್ ಬಿಡುವಾಗ ಶೂ ಒಂದು ಕಡೆ, ಕಾಲು ಒಂದು ಕಡೆ ಆಗುತ್ತದೆ.

ಸೇಫ್ಟಿ ಶೂ. ಪೀಣ್ಯ, ಬಿಡದಿ ಕಡೆಯ ಕಾರ್ಖಾನೆಗಳಲ್ಲಿ ಕೆಲಸ ಮಾಡುವ ಸ್ನೇಹಿತರು ಶಿಫ್ಟ್ ಮುಗಿಸಿ ಅದರಲ್ಲೇ ಗಾಡಿ ಓಡಿಸಿಕೊಂಡು ಬರುತ್ತಾರೆ. ದಯವಿಟ್ಟು ಬೇಡ. ಬೆರಳ ಮೇಲೆ ಉಕ್ಕಿನ ಟೋಪಿ ಇರುವುದರಿಂದ ತುದಿಯ ಎತ್ತರ ಎಲ್ಲಕ್ಕಿಂತ ಜಾಸ್ತಿ, ಕಣಕಾಲು ಮಡಚಲು ಬಿಡುವುದಿಲ್ಲ, ತೂಕ ಬೇರೆ. ದಣಿದ ಹೊತ್ತಿನಲ್ಲಿ ಅಂಥ ಕಾಲು ಬ್ರೇಕ್ ಕೆಳಗೆ ಸಿಕ್ಕಿಕೊಂಡರೆ ಬಿಡಿಸಿಕೊಳ್ಳಲು ಸಮಯ ಇರುವುದಿಲ್ಲ.

ಹವಾಯಿ ಚಪ್ಪಲಿ. ಮೊದಲು ಕಾನೂನಿನ ಮಾತು ಮುಗಿಸುತ್ತೇನೆ. ಚಪ್ಪಲಿ ಹಾಕಿಕೊಂಡು ಕಾರು ಓಡಿಸಿದರೆ ದಂಡ ಅಂತ 2019ರಲ್ಲಿ ಮೋಟಾರು ವಾಹನ ಕಾಯ್ದೆ ತಿದ್ದುಪಡಿ ಬಂದ ಹೊಸದರಲ್ಲಿ ಎಲ್ಲ ಕಡೆ ಸುದ್ದಿ ಹರಡಿತ್ತು. ಅಂಥ ನಿಯಮ ಇಲ್ಲ ಅಂತ ಅದೇ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಚಿವ ನಿತಿನ್ ಗಡ್ಕರಿ ಅವರ ಕಚೇರಿಯೇ ಸ್ಪಷ್ಟ ಮಾಡಿತು. ದಂಡ ಇಲ್ಲ ಅಂದ ಮಾತ್ರಕ್ಕೆ ಕ್ಷೇಮ ಅಂತೇನೂ ಅಲ್ಲ. ಅಳತೆಯ ಲೆಕ್ಕದಲ್ಲಿ ಹವಾಯಿ ತುಂಬಾ ಚೆನ್ನಾಗಿದೆ, ತುದಿಯ ಎತ್ತರ ಸೇರುವುದು ಬಹಳ ಕಮ್ಮಿ. ಆದರೆ ಹಿಂದೆ ಪಟ್ಟಿ ಇಲ್ಲ. ಕಾಲೆತ್ತಿದಾಗ ಹಿಂಭಾಗ ಕೆಳಗೆ ಜೋತು ಬೀಳುತ್ತದೆ, ತುದಿ ಮಡಚಿ ಪೆಡಲ್ ಕೆಳಗೆ ಹೋಗುತ್ತದೆ, ಒದ್ದೆಯಾದರೆ ಪಾದ ಚಪ್ಪಲಿಯ ಮೇಲೇ ಜಾರುತ್ತದೆ. ಉಂಗುಷ್ಟ ಕಿತ್ತು ಬಂದರಂತೂ ಚಪ್ಪಲಿ ಬ್ರೇಕ್ ಅಡಿಯಲ್ಲಿ ಕೂರಬಹುದು. ಕೊಲ್ಹಾಪುರಿಗೂ ಇದೇ ಮಾತು. ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳಿಗೂ 2019ರಲ್ಲಿ ಅದರ ಜಿಐ ಮಾನ್ಯತೆ (ಆ ಪ್ರದೇಶದ್ದೇ ಉತ್ಪನ್ನ ಅನ್ನುವ ಗುರುತು) ಸಿಕ್ಕಿದೆ, ಅಥಣಿ ಕಡೆಯ ಕೆಲಸ ನನಗೆ ಬಹಳ ಇಷ್ಟ. ಆದರೆ ಚರ್ಮದ ತಳ, ಹಿಂದೆ ಪಟ್ಟಿ ಇಲ್ಲ. ನಡೆಯಲು ಹಾಕಿಕೊಳ್ಳೋಣ.

ಕ್ರಾಕ್ಸ್ ಮಾದರಿಯ ಚಪ್ಪಲಿ ಅಗಲ, ದಪ್ಪ, ಸಡಿಲ, ಮೂರೂ ಹೌದು. ಬೇಡ.

ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಪರವಾಗಿಲ್ಲ. ವೆಲ್ಕ್ರೋ ಬಿಗಿಯಾಗಿ ಹಿಡಿದರೆ, ಸೋಲ್ ಪಾದದ ಆಚೆ ಜಾಸ್ತಿ ಚಾಚದಿದ್ದರೆ ಮಳೆಗಾಲಕ್ಕೆ ಇದು ಒಳ್ಳೆಯ ಆಯ್ಕೆ. ಟ್ರೆಕ್ಕಿಂಗ್ ಸ್ಯಾಂಡಲ್ ಮಾತ್ರ ತಗೊಳ್ಳಬೇಡಿ, ಅದರ ಮುಂದಿನ ರಬ್ಬರ್ ಮೂತಿ ಮೇಲಕ್ಕೆ ಬಾಗಿ ಬ್ರೇಕ್ ಅಂಚಿಗೆ ಸರಿಯಾಗಿ ಸಿಕ್ಕಿಕೊಳ್ಳುತ್ತದೆ.

ಬರಿಗಾಲು. ಇದನ್ನು ಇಷ್ಟಪಡುವವರು ತುಂಬಾ ಜನ ಇದ್ದಾರೆ, ಅವರ ಮಾತಿನಲ್ಲಿ ಹುರುಳಿದೆ. ಪಾದಕ್ಕೆ ಒಂದು ಮಿಲಿಮೀಟರ್ ಕೂಡ ಸೇರುವುದಿಲ್ಲ, ಕ್ಲಚ್ ಕಚ್ಚುವುದು ಬೆರಳಿಗೆ ತಿಳಿಯುತ್ತದೆ. ನಿಧಾನದ ಟ್ರಾಫಿಕ್‌ನಲ್ಲಿ ಚೆನ್ನಾಗಿಯೇ ಇರುತ್ತದೆ. ತೊಂದರೆ ಬರುವುದು ಜೋರಾಗಿ ಬ್ರೇಕ್ ಹಾಕಬೇಕಾದಾಗ. ನಮ್ಮಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್, ಅಂದರೆ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ, ಕಡ್ಡಾಯ. ಎಬಿಎಸ್ ಇರುವ ಕಾರಿನಲ್ಲಿ ತುರ್ತಾಗಿ ನಿಲ್ಲಿಸಬೇಕಾದರೆ ಪೆಡಲನ್ನು ಪೂರ್ತಿ ಒತ್ತಿ, ಅದು ಕಾಲಡಿಯಲ್ಲಿ ಗಡಗಡ ಅಂದರೂ ಬಿಡದೆ ಹಿಡಿದಿರಬೇಕು. ಬರಿಗಾಲಿಗೆ ಪೆಡಲ್‌ನ ಗೆರೆಗಳು ಒತ್ತಿ ನೋವಾಗುತ್ತದೆ, ಬೆವರಿದ್ದರೆ ಜಾರುತ್ತದೆ. ಅಪಘಾತ ಆಗಿ ಕೆಳಗಿಳಿಯಬೇಕಾಗಿ ಬಂದರೆ ರಸ್ತೆ ತುಂಬಾ ಗಾಜು. ಪಾರ್ಕಿಂಗ್‌ನಿಂದ ಗಾಡಿ ಈಚೆ ತೆಗೆಯಲು ಸಾಕು, ಹೈವೇಗೆ ಬೇಡ.

ಬೇರ್‌ಫುಟ್ ಶೂ ಅಂತ ಈಗ ಬರುತ್ತಿರುವ ತೆಳು ಸೋಲ್‌ನ ಶೂಗಳು ಮೊದಲ ನೋಟಕ್ಕೆ ಇದಕ್ಕೇ ಮಾಡಿದ ಹಾಗೆ ಕಾಣುತ್ತವೆ. ಸೋಲ್, ಉದ್ದ ಎರಡೂ ಸರಿ. ಆದರೆ ಬೆರಳು ಹರಡಲಿ ಅಂತ ಮುಂಭಾಗವನ್ನು ಬೇಕೆಂದೇ ಅಗಲ ಮಾಡಿರುತ್ತಾರೆ. ವ್ಯಾಗನ್ ಆರ್‌ನಷ್ಟು ಜಾಗ ಇದ್ದರೆ ನಡೆಯುತ್ತದೆ, ಆಲ್ಟೊದಲ್ಲಿ ಅಳೆದು ನೋಡಿಯೇ ತಗೊಳ್ಳಿ.

ಕ್ಯಾನ್ವಾಸ್ ಶೂ. ಶಾಲೆಯಲ್ಲಿ ಪಿಟಿ ಪೀರಿಯಡ್‌ಗೆ ಹಾಕುತ್ತಿದ್ದ ಬಿಳಿ ಕ್ಯಾನ್ವಾಸ್ ನೆನಪಿದೆ ಅಲ್ವಾ? ಕೆಲವೇ ನೂರು ರೂಪಾಯಿಗೆ ಸಿಗುವ ಅದು ಸಣ್ಣ ಕಾರಿಗೆ ಬಹಳ ಒಳ್ಳೆಯ ಶೂ. ತೆಳು ರಬ್ಬರ್, ಕಿರಿದಾದ ತಳ, ಮೆತ್ತನೆ ಬಟ್ಟೆ, ಅಗಲ ಪಾದಕ್ಕೆ ಹಿಗ್ಗುತ್ತದೆ. 11ರ ಮೇಲೆ ಸಿಗುವುದು ಕಷ್ಟ ಅನ್ನುವುದೊಂದೇ ಕೊರತೆ. ಫ್ಯಾಷನ್ನಿಗೆ ಬರುವ ದುಬಾರಿ ಕ್ಯಾನ್ವಾಸ್‌ಗಳಲ್ಲಿ ಮುಂದೆ ದಪ್ಪ ರಬ್ಬರ್ ಟೋಪಿ, ಸುತ್ತಲೂ ದಪ್ಪ ರಬ್ಬರ್ ಪಟ್ಟಿ ಇರುತ್ತದೆ. ಅದು ಅಗಲವನ್ನೂ ಸೇರಿಸುತ್ತದೆ, ಪೆಡಲ್ ಪಕ್ಕಕ್ಕೆ ಉಜ್ಜಿದರೆ ಹಿಡಿದುಕೊಳ್ಳುತ್ತದೆ. ಒಂದೇ ಹೆಸರಿನ ಶೂ ಅಂತ ಎರಡನ್ನೂ ಒಂದೇ ಲೆಕ್ಕಕ್ಕೆ ಹಿಡಿಯಬೇಡಿ.

ಡ್ರೈವಿಂಗ್ ಮೊಕಾಸಿನ್. ತಳದಲ್ಲಿ ಗುಂಡಿಯ ಹಾಗೆ ಉಬ್ಬಿದ ಸಣ್ಣ ಸಣ್ಣ ರಬ್ಬರ್ ಗುಬ್ಬಿಗಳಿರುವ ಈ ಮೆತ್ತನೆ ಚರ್ಮದ ಶೂವನ್ನು 1963ರಲ್ಲಿ ಇಟಲಿಯ ಜಾನ್ನಿ ಮೊಸ್ಟಿಲೆ ಕಾರು ಓಡಿಸುವವರಿಗೆಂದೇ ಮಾಡಿದ್ದು. ಗುಬ್ಬಿಗಳು ಹಿಮ್ಮಡಿಯ ಹಿಂದಕ್ಕೂ ಹತ್ತಿರುತ್ತವೆ, ಊರಿ ತಿರುಗಿಸಲು ಹಿತವಾಗಿರುತ್ತದೆ. ಅಂಚು ಹೊರಗೆ ಬರುವುದಿಲ್ಲ, ಮೂತಿ ಗಿಡ್ಡ. ದೊಡ್ಡ ಪಾದಕ್ಕೆ ಹೇಳಿ ಮಾಡಿಸಿದ್ದು. ನಮ್ಮ ರಸ್ತೆಯಲ್ಲಿ ನಡೆದರೆ ಗುಬ್ಬಿಗಳು ಬೇಗ ಸವೆಯುತ್ತವೆ, ಮಳೆಗೆ ಚರ್ಮ ಹಾಳಾಗುತ್ತದೆ. ಅದಕ್ಕೇ ಕಾರಿನಲ್ಲೇ ಬಿಟ್ಟು, ಓಡಿಸಲು ಮಾತ್ರ ಹಾಕುವುದಾದರೆ ದುಡ್ಡು ಕೊಡಿ. ಹಾಕಿ ನೋಡದೆ ಆನ್‌ಲೈನ್‌ನಲ್ಲಿ ತರಿಸಬೇಡಿ, ಹಿಮ್ಮಡಿ ಬಿಗಿಯಾಗಿ ಕೂರಲೇಬೇಕು.

ರೇಸಿಂಗ್ ಶೂ ಬಗ್ಗೆ ಕೇಳುವವರಿಗೆ: ಅದರಲ್ಲಿ ಜಾಸ್ತಿ ದುಡ್ಡು ಹೋಗುವುದು ಬೆಂಕಿ ತಡೆಯುವ ಪದರಕ್ಕೆ. ಆಲ್ಟೊ ಓಡಿಸಲು ಅದು ಬೇಕಾಗಿಲ್ಲ. ಅದೇ ಆಕಾರವನ್ನು ಅಗ್ಗದಲ್ಲಿ ಕೊಡುವ ಶೂ ಬೇರೆ ಇದೆ.

ಅದು ಫುಟ್‌ಸಾಲ್ ಶೂ. ಒಳಾಂಗಣ ಫುಟ್‌ಬಾಲ್‌ಗೆ ಹಾಕುವ, ಮುಳ್ಳುಗಳಿಲ್ಲದ, ಚಪ್ಪಟೆ ಗಮ್ ರಬ್ಬರ್ ಸೋಲ್‌ನ ಶೂ. ನನ್ನ ಮೊದಲ ಆಯ್ಕೆ ಇದೇ. ಆಟಗಾರನಿಗೆ ಚೆಂಡು ಕಾಲಿಗೆ ತಿಳಿಯಬೇಕು, ಅದಕ್ಕೆ ಶೂ ಪಾದಕ್ಕೆ ಅಂಟಿಕೊಂಡ ಹಾಗಿರುತ್ತದೆ, ಹೊರಗೆ ಏನೂ ಚಾಚುವುದಿಲ್ಲ. ಸೋಲ್ ತೆಳು, ಮೂತಿ ತಗ್ಗು, ಹಿಮ್ಮಡಿ ದುಂಡಗೆ. ನನ್ನ ಜೋಡಿ ಹೊರಗಡೆ 31 ಸೆಂ.ಮೀ.ಗೂ ಕಮ್ಮಿ, ಅಗಲ 10.5. ರನ್ನಿಂಗ್ ಶೂವಿಗೆ ಹೋಲಿಸಿದರೆ ಅಗಲದಲ್ಲೇ ಒಂದೂವರೆ ಸೆಂಟಿಮೀಟರ್ ಉಳಿಯಿತು, ಎರಡು ಪೆಡಲ್ ಒಟ್ಟಿಗೆ ಒತ್ತುವುದು ನಿಂತೇ ಹೋಯಿತು. ಗಮ್ ರಬ್ಬರ್ ಪೆಡಲ್ ಮೇಲೆ ಚೆನ್ನಾಗಿ ಹಿಡಿಯುತ್ತದೆ, ಒದ್ದೆಯಾದರೆ ಒರೆಸಿದರೆ ಸಾಕು. ಡೆಕಾಥ್ಲಾನ್, ನಿವಿಯಾ ಎರಡರಲ್ಲೂ ಇವೆ. ಮುಂಗಾಲು ಅಗಲ ಇರುವವರಿಗೆ ಕೆಲವು ಮಾದರಿ ಬಿಗಿ ಅನ್ನಿಸುತ್ತದೆ, ಅಂಥವರು ಕ್ಯಾನ್ವಾಸ್ ಕಡೆಗೋ ಬ್ಯಾಡ್ಮಿಂಟನ್ ಶೂ ಕಡೆಗೋ ಹೋಗಿ. ಬ್ಯಾಡ್ಮಿಂಟನ್ ಶೂ ಕೂಡ ಗಮ್ ಸೋಲ್‌ನದೇ, ಸ್ವಲ್ಪ ದಪ್ಪ, ಪಕ್ಕದಲ್ಲಿ ಸ್ವಲ್ಪ ಚಾಚಿರುತ್ತದೆ, ಆದರೂ ರನ್ನಿಂಗ್ ಶೂಗಿಂತ ಎಷ್ಟೋ ವಾಸಿ.

ಯಾರಿಗೆ ಯಾವುದು

ದಿನಾ ಬೆಂಗಳೂರಿನ ಟ್ರಾಫಿಕ್‌ನಲ್ಲಿ ಕ್ಲಚ್ ತುಳಿಯುವವರಿಗೆ ಎಡಗಾಲಿನ ಶೂ ಬಲಗಾಲಿನಷ್ಟೇ ಮುಖ್ಯ. ಡೆಡ್ ಪೆಡಲ್ ಇಲ್ಲದ ಕಾರಿನಲ್ಲಿ ದೊಡ್ಡ ಪಾದವನ್ನು ಕ್ಲಚ್ ಮೇಲೇ ಇಟ್ಟುಕೊಂಡು ಕೂರುವ ಅಭ್ಯಾಸ ಆಗುತ್ತದೆ, ಅದರಿಂದ ಕ್ಲಚ್ ಬೇಗ ಸವೆಯುತ್ತದೆ. ಕಿರಿದಾದ ಶೂ ಇದ್ದರೆ ಕ್ಲಚ್‌ಗೂ ಗೋಡೆಗೂ ನಡುವೆ ಕಾಲು ಇಳಿಯುತ್ತದೆ. ನನಗೆ ಫುಟ್‌ಸಾಲ್ ಶೂ ಇಷ್ಟವಾಗಲು ಇನ್ನೊಂದು ಕಾರಣ ಇದು.

ಘಾಟಿ ಓಡಿಸುವವರಿಗೆ, ಆಗುಂಬೆಯ 14 ತಿರುವುಗಳಿರಲಿ ಚಾರ್ಮಾಡಿ ಇರಲಿ, ಬ್ರೇಕ್‌ನಿಂದ ಆಕ್ಸಿಲರೇಟರ್‌ಗೆ ಕಾಲು ಹೋಗಿ ಬರುತ್ತಲೇ ಇರುತ್ತದೆ. ಅಲ್ಲಿ ತುದಿಯ ಎತ್ತರ ಕಮ್ಮಿ ಇರುವುದು, ಹಿಮ್ಮಡಿ ದುಂಡಗಿರುವುದು ಮುಖ್ಯ. ಮಲೆನಾಡಿನ ಮಳೆಯಲ್ಲಾದರೆ ಆಳವಾದ ಗೆರೆಗಳಿರುವ ಸೋಲ್ ಬೇಡ, ಅದರೊಳಗೆ ಕೆಸರು ತುಂಬಿಕೊಂಡು ಪೆಡಲ್ ಮೇಲೆ ಸಾಬೂನಿನಂತೆ ಜಾರುತ್ತದೆ. ಹತ್ತುವ ಮುಂಚೆ ಕಾಲು ಒರೆಸಲು ಒಂದು ಹಳೇ ಬಟ್ಟೆ ಬಾಗಿಲಲ್ಲೇ ಇಟ್ಟುಕೊಳ್ಳಿ.

ಹೊಸದಾಗಿ ಸಣ್ಣ ಕಾರು ತಗೊಳ್ಳುವವರಾಗಿದ್ದರೆ ತಾನೇ ಗೇರ್ ಬದಲಿಸುವ ಎಎಂಟಿ ಬಗ್ಗೆ ಯೋಚಿಸಿ. 2014ರಲ್ಲಿ ಮಾರುತಿಯ ಸೆಲೆರಿಯೊದಲ್ಲಿ ಬಂದ ಮೇಲೆ ಅಗ್ಗದ ಕಾರುಗಳಲ್ಲೂ ಅದು ಸಿಗುತ್ತಿದೆ. ಕ್ಲಚ್ ಪೆಡಲ್ ಇಲ್ಲ, ಎಡಗಾಲಿಗೆ ಪೂರ್ತಿ ಜಾಗ. ಶೂ ಹುಡುಕಾಟದ ಅರ್ಧ ಅಲ್ಲೇ ಮುಗಿಯುತ್ತದೆ.

ಶೂ ಬದಲಿಸುವ ಮುಂಚೆ ಮ್ಯಾಟ್ ನೋಡಿ. ಈಗ ಎಲ್ಲರೂ ಹಾಕಿಸುವ ದಪ್ಪ 7ಡಿ ಮ್ಯಾಟ್ ಹಿಮ್ಮಡಿಯನ್ನು ಮೇಲೆತ್ತುತ್ತದೆ, ಅದರಿಂದ ಬೆರಳು ಇನ್ನೂ ಮೇಲೆ ಹೋಗಿ ತಾಗುತ್ತದೆ. ಡ್ರೈವರ್ ಕಡೆಗೆ ತೆಳು ರಬ್ಬರ್ ಮ್ಯಾಟ್ ಸಾಕು, ಅದೂ ಕೊಕ್ಕೆಗೆ ಸರಿಯಾಗಿ ಸಿಕ್ಕಿಸಿರಬೇಕು. 2009ರಲ್ಲಿ ಅಮೆರಿಕದಲ್ಲಿ ಟೊಯೊಟಾ ಸುಮಾರು 38 ಲಕ್ಷ ಕಾರುಗಳ ವಿಷಯದಲ್ಲಿ ಎಚ್ಚರಿಕೆ ಕೊಡಬೇಕಾಗಿ ಬಂದದ್ದು ಮ್ಯಾಟ್ ಆಕ್ಸಿಲರೇಟರ್‌ಗೆ ಸಿಕ್ಕಿಕೊಳ್ಳಬಹುದು ಅನ್ನುವ ಕಾರಣಕ್ಕೆ. ಬಿಚ್ಚಿಟ್ಟ ಶೂವನ್ನೂ ಡ್ರೈವರ್ ಸೀಟಿನ ಕೆಳಗೆ ತುರುಕಬೇಡಿ. ಬ್ರೇಕ್ ಹಾಕಿದಾಗ ಅದು ಮುಂದಕ್ಕೆ ಜಾರಿ ಪೆಡಲ್ ಅಡಿಗೆ ಬರುತ್ತದೆ. ಎಡಸೀಟಿನ ಕೆಳಗೋ ಡಿಕ್ಕಿಯಲ್ಲೋ ಇಡಿ.

ಹೊಸ ಜೋಡಿ ತಂದ ದಿನವೇ ಲೇಬಲ್ ಕೀಳದೆ, ಕಾರನ್ನು ಸಮತಟ್ಟಾದ ಕಡೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು ಕೂತು ನೋಡಿ. ಸೋಲ್ ಕೊಳೆಯಾಗದಂತೆ ಮ್ಯಾಟ್ ಮೇಲೆ ಒಂದು ಪೇಪರ್ ಹಾಸಿ. ಕೆಳಗೆ ನೋಡದೆ ಆಕ್ಸಿಲರೇಟರ್‌ನಿಂದ ಬ್ರೇಕ್‌ಗೆ ಬೇಗ ಬೇಗ ಕಾಲು ಹಾಕಿ. ಬ್ರೇಕ್ ಪೂರ್ತಿ ಒತ್ತಿ ಹಿಡಿದು, ಶೂವಿನ ಬಲ ಅಂಚು ಆಕ್ಸಿಲರೇಟರ್ ಮುಟ್ಟುತ್ತಿದೆಯಾ ಅಂತ ಪಕ್ಕದವರಿಗೆ ಬಗ್ಗಿ ನೋಡಲು ಹೇಳಿ. ಕ್ಲಚ್ ಪೂರ್ತಿ ತುಳಿದು ಬಿಡುವಾಗ ಮೇಲಿನ ಪ್ಲಾಸ್ಟಿಕ್‌ಗೆ ಬೆರಳು ತಾಗುತ್ತದಾ ಗಮನಿಸಿ. ತಾಗಿದರೆ ಸೀಟನ್ನು ಒಂದು ಹಲ್ಲು ಹಿಂದಕ್ಕೆ ಸರಿಸಿ ಮತ್ತೆ ನೋಡಿ, ಆಗಲೂ ಕ್ಲಚ್ ಪೂರ್ತಿ ತುಳಿಯಲು ಬರಬೇಕು. ಎಲ್ಲಾದರೂ ಒಂದು ಸಲ ಸಿಕ್ಕಿಕೊಂಡರೂ ವಾಪಸ್ ಕೊಟ್ಟು ಬೇರೆ ಜೋಡಿ ತನ್ನಿ.